ಆಸ್ಪತ್ರೆಗೆ ಮುನ್ನಿನ ಘಳಿಗೆ
ನರೋಡಾದ ನೆರೆಯ ಕಠವಾಡಾದಲ್ಲಿ ಗುಜರಾತಿನ 108 ತುರ್ತುಸೇವೆಯ ಕೇಂದ್ರವಿರುವುದನ್ನು ನಮ್ಮವರಲ್ಲಿ ಹಲವರು ಅರಿಯರು. 2007ರ ಆಗಸ್ಟ್ 29ರಂದು ಆರಂಭವಾದ ಈ ಸೇವೆಯು ಮರುವರ್ಷದ ರಾಜ್ಯೋತ್ಸವದಂದು ಕರ್ನಾಟಕದಲ್ಲಿಯೂ ‘ಆರೋಗ್ಯ ಕವಚ’ವೆಂಬ ಹೆಸರಿನಿಂದ ಮೊದಲಾಯಿತು.

ಅಪಘಾತವಾದೊಡನೆ ಗಾಯಾಳುವನ್ನು ರಿಕ್ಷಾದಲ್ಲಿ ಮುದುಡಿಸಿ ಕುಳ್ಳಿರಿಸಿ ಒಯ್ಯುವ ಆತುರವನ್ನು ನಾವು ಕಾಣುತ್ತಲೇ ಇದ್ದೇವೆ. ಉದ್ದೇಶವೇನೋ ಒಳ್ಳೆಯದೇ, ಆದರೆ ಕುತ್ತಿಗೆಯ ಮೂಳೆ ಮುರಿದಿದ್ದರೆ ಆ ಎಳೆದಾಟದಿಂದಲೇ ಬೆನ್ನುಹುರಿಗೆ ಘಾತವಾದೀತು. 108ರ ತರಬೇತಾದ ಸಿಬ್ಬಂದಿಯು ಕುತ್ತಿಗೆಗೆ ಪಟ್ಟಿ ತೊಡಿಸಿ, ಉಸಿರಿನ ದಾರಿಯನ್ನು ತೆರವುಗೊಳಿಸಿ, ಆಮ್ಲಜನಕವಿತ್ತು ಮಲಗಿಸಿಯೇ ಸಾಗಿಸುವರು. ಅವರು ಬರುವವರೆಗೆ ರಕ್ತ ಸುರಿಯುವ ಗಾಯವನ್ನು ಶುಚಿಯಾದ ಬಟ್ಟೆಯಿಂದ ಬಲವಾಗಿ ಅದುಮಿ ಹಿಡಿಯಬೇಕು, ನೀರು ಕುಡಿಸಕೂಡದು.

ಪೊಲೀಸರ ತೊಡಕಿಗೆ ಅಂಜಬೇಕಾಗಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ನೆರವಾದವರಿಗೆ ರಕ್ಷಣೆ ನೀಡಿದೆ. ಹೆಸರು ಹೇಳೆಂದು ಅವರನ್ನು ಬಲವಂತಪಡಿಸುವಂತಿಲ್ಲ.