ಅಂಕೆಯೊಳಗಿನ ಅರಸು

ಕುಂದುರ್ಪಿ, ಕಲ್ಯಾಣದುರ್ಗದ ಸೀಮೆಯವರಾದ ನಮಗೆ ಗಡಿ ಹೊಸದಲ್ಲ. ಹೆಣ್ಣು ಕೊಡುವುದು ತರುವುದು, ಸಂತೆ, ಜಾತ್ರೆ ಎಲ್ಲವೂ ಪಾವಗಡ, ಚಳ್ಳಕೆರೆ ಕಡೆಯವರೊಡನೆ ನಡೆದೇ ಇವೆ. ಆದರೆ 1947ರವರೆಗೆ ಈ ಗಡಿ ದಾಟಿದರೆ ಆಳುವವರು ಬದಲಾಗುತ್ತಿದ್ದರು. 1800ರಲ್ಲಿ ಹೈದರಾಬಾದಿನ ನಿಜಾಮರು ನಮ್ಮ ಸೀಮೆಯನ್ನು ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟರು. ಹಾಗಾಗಿ ನಮ್ಮ ಹಿರಿಯರು ಮದರಾಸು ಪ್ರಾಂತದ ಪ್ರಜೆಗಳಾದರು. ಆಚೆ ಕಡೆಯ ನೆಂಟರು ಮೈಸೂರು ಮಹಾರಾಜರ ಪ್ರಜೆಗಳು.

ಆ ನೆಂಟರ ರಾಜ್ಯದಲ್ಲಿ ಒಂದು ವಿಶೇಷವಿತ್ತು. ಅರಸರಿದ್ದರು, ಅವರೊಡನೆ ಸಭೆಯೂ ಇತ್ತು. ಅರಸನ ಅಧಿಕಾರಕ್ಕೆ ಕಾನೂನಿನ ಅಂಕೆ ಹಾಕುವ ಪದ್ಧತಿಯನ್ನು ಸಂವಿಧಾನಬದ್ಧ ರಾಜಪ್ರಭುತ್ವ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 1689ರ ಹಕ್ಕುಗಳ ಶಾಸನ, ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ದೊರೆ ತೆರಿಗೆ ಹಾಕಬಾರದೆಂದು ಕಟ್ಟುಮಾಡಿತು. ಮೈಸೂರಿನಲ್ಲಿ ಈ ಅಂಕೆ ಎಷ್ಟರಮಟ್ಟಿಗೆ ಬಂತು? ನೋಡೋಣ.

ಐವತ್ತು ವರ್ಷ ಬ್ರಿಟಿಷರ ಕೈಯಲ್ಲಿದ್ದ ಮೈಸೂರು 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಹಿಂದಿರುಗಿಸಿದ ಪತ್ರದಲ್ಲಿ ಷರತ್ತುಗಳ ಸಾಲೇ ಇತ್ತು. ಅದು ಮೇಲಿನಿಂದ ಬಂದ ಅಂಕೆ. ಅದನ್ನು ಹಾಕಿದವರು ಬ್ರಿಟಿಷರೇ ಹೊರತು ಪ್ರಜೆಗಳಲ್ಲ. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. 144 ಮಂದಿ ಸದಸ್ಯರು ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರಿದರು. ತಾಲ್ಲೂಕಿನ ರೈತನೊಬ್ಬ ಎದ್ದು ನಿಂತು ಕೆರೆ, ಕಂದಾಯ, ರಸ್ತೆಗಳ ಅಹವಾಲನ್ನು ದಿವಾನರ ಮುಂದೆ ಇಡಬಹುದಾಗಿತ್ತು. ನಮ್ಮ ಕಡೆಯ ರೈತನಿಗೆ ಅಂಥ ಸಭೆ ಆಗ ಇರಲಿಲ್ಲ.

ಆದರೆ ಒಂದು ಕೊರತೆ ಉಳಿದಿತ್ತು. ಸಭೆಗೆ ಕೇಳುವ ಹಕ್ಕಿತ್ತು, ಮಾಡಿಸುವ ಹಕ್ಕಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆಯಿತು. ಹೊಸ ತೆರಿಗೆಗೆ ಮೊದಲು ಅದರ ಅಭಿಪ್ರಾಯ ಕೇಳಬೇಕೆಂದಾಯಿತು. ಮಹಿಳೆಯರಿಗೂ ಮತದಾನದ ಬಾಗಿಲು ತೆರೆಯಿತು. ಇಷ್ಟಾದರೂ ದಿವಾನರನ್ನು ನೇಮಿಸುವವರು ಮಹಾರಾಜರೇ, ದಿವಾನರು ಲೆಕ್ಕ ಒಪ್ಪಿಸಬೇಕಾದುದೂ ಅವರಿಗೇ. ಒಳ್ಳೆಯ ಅರಸನಿದ್ದರೆ ಒಳ್ಳೆಯದಾಗುತ್ತಿತ್ತು. ಆದರೆ ದೊರೆ ಒಳ್ಳೆಯವನಾಗಿರುವುದು ಬೇರೆ, ಅವನಿಗೆ ಅಂಕೆಯಿರುವುದು ಬೇರೆ.

ಈ ವ್ಯತ್ಯಾಸ ನಮ್ಮ ಮಗ್ಗುಲಲ್ಲೇ ರಕ್ತ ಹರಿಸಿತು. ಹಿಂದೂಪುರಕ್ಕೆ ಹತ್ತಿರದಲ್ಲೇ ಇರುವ ವಿದುರಾಶ್ವತ್ಥ ಆಗ ಮೈಸೂರು ರಾಜ್ಯಕ್ಕೆ ಸೇರಿತ್ತು. 1938ರ ಏಪ್ರಿಲ್ 25ರಂದು ಕಾಂಗ್ರೆಸ್ ಧ್ವಜ ಹಾರಿಸಲು ಅಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಮೈಸೂರು ಮಾದರಿ ಸಂಸ್ಥಾನವೆಂದು ಹೆಸರಾಗಿತ್ತು, ಸಭೆಗಳು ಎರಡಿದ್ದವು. ಆದರೂ ಗುಂಡು ಹಾರಿಸಿದ ಸರ್ಕಾರವನ್ನು ಕೆಳಗಿಳಿಸುವ ಅಧಿಕಾರ ಆ ಸಭೆಗಳಿಗಿರಲಿಲ್ಲ.

ಜನ ಕೇಳಿದ್ದು ಜವಾಬ್ದಾರಿ ಸರ್ಕಾರ, ಎಂದರೆ ಸಭೆಗೆ ಉತ್ತರ ಹೇಳುವ ಮಂತ್ರಿಮಂಡಲ. ದೇಶ ಸ್ವತಂತ್ರವಾದ ಮೇಲೂ ಅದು ತಾನಾಗಿ ಬರಲಿಲ್ಲ. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಎದ್ದಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಜಯಚಾಮರಾಜ ಒಡೆಯರು ಅರಸರಾಗಿಯೇ ಉಳಿದು, ಆಡಳಿತ ಮಂತ್ರಿಗಳ ಕೈಗೆ ಬಂದ ಕಾಲ ಅದು. ಅದು ಬಾಳಿದ್ದು ಎರಡು ವರ್ಷ ಚಿಲ್ಲರೆ ಮಾತ್ರ. 1950ರ ಜನವರಿ 26ರಂದು ಭಾರತದ ಸಂವಿಧಾನ ಜಾರಿಗೆ ಬಂದಾಗ ಅವರು ರಾಜಪ್ರಮುಖರಾದರು.

ನೆರೆಯ ದೇಶಗಳಲ್ಲೂ ಇದೇ ಪಾಠ ಸಿಗುತ್ತದೆ. ಭೂತಾನದ 2008ರ ಸಂವಿಧಾನದಂತೆ ದೊರೆ 65 ವರ್ಷಕ್ಕೆ ಸಿಂಹಾಸನ ಬಿಡಬೇಕು. ಪಾರ್ಲಿಮೆಂಟು ಮತ್ತು ಜನಮತ ಸೇರಿ ಅವನನ್ನು ಇಳಿಸಲೂಬಹುದು. ನೇಪಾಳದ ದೊರೆ 2005ರಲ್ಲಿ ಅಂಕೆ ಮೀರಿ ಆಡಳಿತವನ್ನು ತಾನೇ ಹಿಡಿದ. 2008ರಲ್ಲಿ ಅಲ್ಲಿ ಅರಸೊತ್ತಿಗೆಯೇ ಹೋಯಿತು.

ಹಾಗಾದರೆ ಅಂಕೆ ನಿಜವೋ, ಹೆಸರಿಗೋ ಎಂದು ತಿಳಿಯುವುದು ಹೇಗೆ? ಮೂರು ಪ್ರಶ್ನೆ ಕೇಳಿ. ತೆರಿಗೆಗೆ ಒಪ್ಪಿಗೆ ಕೊಡುವವರು ಯಾರು? ಮಂತ್ರಿ ಯಾರಿಗೆ ಉತ್ತರ ಹೇಳುತ್ತಾನೆ? ಕೊಟ್ಟ ಹಕ್ಕನ್ನು ಅರಸ ಒಬ್ಬನೇ ಹಿಂದಕ್ಕೆ ಪಡೆಯಬಲ್ಲನೆ? ಅರಸರಿಲ್ಲದ ಈ ಕಾಲದಲ್ಲೂ ಅಧಿಕಾರ ಹಿಡಿದವರನ್ನು ಕೇಳಬೇಕಾದ ಪ್ರಶ್ನೆಗಳೇ ಇವು.

ನಾಗರಕಲ್ಲಿನ ಪ್ರತಿಷ್ಠೆಗೆಂದು ನಮ್ಮಲ್ಲಿ ಅನೇಕರು ವಿದುರಾಶ್ವತ್ಥಕ್ಕೆ ಹೋಗುತ್ತೇವೆ. ಮುಂದಿನ ಸಲ ಹೋದಾಗ, ಅಶ್ವತ್ಥಕ್ಕೆ ಸುತ್ತು ಬಂದ ಮೇಲೆ, ಅಲ್ಲಿಯ ಹುತಾತ್ಮರ ಸ್ಮಾರಕದ ಮುಂದೆಯೂ ಒಂದು ಗಳಿಗೆ ನಿಂತು ಬನ್ನಿ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.