ಬಿಸಿಲ ಸೀಮೆಯಲ್ಲೂ ವಿಟಮಿನ್ ಡಿ ಕೊರತೆ

ಸಿರುಗುಪ್ಪ ತಾಲ್ಲೂಕಿನ ರಾರಾವಿಯಲ್ಲಿ ಬಿಸಿಲಿಗೇನೂ ಬರವಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಚರ್ಮದ ಮೇಲೆ ಬಿಸಿಲು ಬಿದ್ದರೆ ವಿಟಮಿನ್ ಡಿ ತಯಾರಾಗುತ್ತದೆ. ಹಾಗಿದ್ದೂ ಇಲ್ಲಿನ ಮಗುವಿಗೆ ಕರುಳಿನದೋ ಯಕೃತ್ತಿನದೋ ದೀರ್ಘ ಕಾಯಿಲೆಯಿದ್ದರೆ ಡಿ ಕೊರತೆಯಾಗಬಹುದು. ಅಂಥ ಮಗು ಹೊರಗೆ ಆಡುವುದೇ ಕಡಿಮೆ. ಕಿಟಕಿಯ ಗಾಜು ದಾಟಿ ಬರುವ ಬಿಸಿಲಿನಿಂದ ಡಿ ಹುಟ್ಟುವುದಿಲ್ಲ.

ಆಹಾರದಲ್ಲಿರುವ ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಅದು ಮೈಗೆ ಹತ್ತಲು ಪಿತ್ತರಸ ಬೇಕು, ಸಣ್ಣ ಕರುಳಿನ ಒಳಪದರ ನೆಟ್ಟಗಿರಬೇಕು. ಸೀಲಿಯಾಕ್ ಕಾಯಿಲೆಯಲ್ಲಿ ಗೋಧಿಯ ಗ್ಲುಟೆನ್ ತಗುಲಿ ಆ ಪದರವೇ ಸವೆಯುತ್ತದೆ. ಡಿ ಜೊತೆಗೆ ಕ್ಯಾಲ್ಸಿಯಂ ಕೂಡ ಮಲದಲ್ಲಿ ಹೋಗುತ್ತದೆ. ಮಣಿಕಟ್ಟು ದಪ್ಪಗಾಗಿ ಕಾಲು ಸೊಟ್ಟಗಾಗುವ ರಿಕೆಟ್ಸ್‌ಗೆ ಇದೇ ದಾರಿ.

2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ರಕ್ತದಲ್ಲಿ ಕಂಡದ್ದು ಉತ್ತರ ಭಾರತದ ವಯಸ್ಕರಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10. ಅಪರೂಪವೆಂದೇ ಇಲ್ಲಿ ಈ ಕಾಯಿಲೆಯ ನೆನಪು ತಡವಾಗಿ ಬರುತ್ತದೆ ಎಂಬುದು ನನ್ನ ಆತಂಕ. ಪತ್ತೆಯಾದರೆ ಪಥ್ಯ ನಮ್ಮ ಮನೆಯಲ್ಲೇ ಇದೆ: ಜೋಳ, ಅಕ್ಕಿ, ರಾಗಿ ಮೂರರಲ್ಲೂ ಗ್ಲುಟೆನ್ ಇಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಕೂಡ ಹೇರಳ. ಎಡವುವುದು ಗಿರಣಿಯಲ್ಲಿ. ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿದರೆ ರೊಟ್ಟಿಯ ಹಿಟ್ಟಿನಲ್ಲಿ ಗೋಧಿ ಬೆರೆಯುತ್ತದೆ. ಸೀಲಿಯಾಕ್ ಇರುವ ಮಗುವಿನ ಜೋಳವನ್ನು ಬೇರೆ ಕಡೆ ಬೀಸಿಸಬೇಕು. ರವೆ ಉಪ್ಪಿಟ್ಟು, ಗೋಧಿ ಶ್ಯಾವಿಗೆ, ಬಿಸ್ಕತ್ತು ಕೊಡಲೇಬಾರದು. ಪಥ್ಯ ಸರಿಯಾದರೆ ಕರುಳು ಚೇತರಿಸಿಕೊಂಡು ಡಿ ಮತ್ತೆ ಹೀರಿಕೊಳ್ಳುತ್ತದೆ.

ಹಸುಗೂಸುಗಳಲ್ಲಿ ನೋಡಬೇಕಾದದ್ದು ಮಲದ ಬಣ್ಣ. ಹುಟ್ಟಿ ಎರಡು ವಾರವಾದರೂ ಕಾಮಾಲೆ ಇಳಿಯದೆ, ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ ಎಂದರ್ಥ. ಪಿತ್ತನಾಳ ಕಟ್ಟಿಹೋಗಿದ್ದರೆ ಮಾಡುವ ಕಸಾಯ್ ಶಸ್ತ್ರಚಿಕಿತ್ಸೆ ಎರಡು ತಿಂಗಳೊಳಗೆ ಆದರೆ ಫಲ ಹೆಚ್ಚು. ಸೊಪ್ಪಿನ ರಸ ಕುಡಿಸುತ್ತಾ ಕಾಯುವ ಒಂದೊಂದು ವಾರವೂ ಮಗುವಿಗೆ ನಷ್ಟ. ಆಪರೇಷನ್ ಆದ ಮೇಲೂ ಬಹಳಷ್ಟು ಮಕ್ಕಳಿಗೆ ಎ, ಡಿ, ಇ, ಕೆ ವಿಟಮಿನ್‌ಗಳನ್ನು ಔಷಧವಾಗಿ ಕೊಡಬೇಕಾಗುತ್ತದೆ.

ಔಷಧದಂಗಡಿಯ 60,000 ಯೂನಿಟ್ ಪುಡಿಯ ಪೊಟ್ಟಣವನ್ನು ಪಕ್ಕದ ಮನೆಯವರ ಮಾತು ಕೇಳಿ ಕೊಡುವುದು ಬೇಡ. ಆರೋಗ್ಯವಂತ ಕೂಸಿಗೆ ದಿನಕ್ಕೆ ಬೇಕಾದ್ದು 400 ಯೂನಿಟ್. ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆಯಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಕರುಳು ಹೀರದ ಮಗುವಿಗೆ ಮಾಮೂಲಿ ಡೋಸ್ ಸಾಲದು ಎಂಬುದೂ ನಿಜ. ಹಾಗಾಗಿ ಮಕ್ಕಳ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ಗೊತ್ತು ಮಾಡುತ್ತಾರೆ, ಕೆಲವು ತಿಂಗಳ ನಂತರ ಮತ್ತೆ ಪರೀಕ್ಷೆಗೆ ಕರೆಯುತ್ತಾರೆ.