ಮೈಕಿಗೂ ಒಂದು ನಿಲುವು

ಹುಲಿಗಿಯ ಹುಣ್ಣಿಮೆಗೆ ಹೋಗಿಬಂದವರಿಗೆ ಚೌಡಿಕೆಯ ನಾದ ಹೊಸದಲ್ಲ. ಮುನಿರಾಬಾದಿನ ಮಗ್ಗುಲಲ್ಲೇ, ತುಂಗಭದ್ರೆಯ ದಂಡೆಯಲ್ಲಿರುವ ಹುಲಿಗೆಮ್ಮನ ಗುಡಿಗೆ ಬರುವ ಜೋಗತಿಯರು, ಜೋಗಪ್ಪಗಳು ಈ ವಾದ್ಯವನ್ನು ಕಂಕುಳಲ್ಲಿ ಅವುಚಿಕೊಂಡು ಹಾಡುತ್ತಾರೆ. ಮರದ ಕೊಳಗದಂಥ ಒಡಲು, ಅದರ ಒಂದು ಬಾಯಿಗೆ ಬಿಗಿದ ತೊಗಲು, ತೊಗಲಿನ ನಡುವಿನಿಂದ ಹೊರಟು ಬದಿಯ ಕೋಲಿಗೆ ಸೇರುವ ಒಂದೇ ತಂತಿ. ಇಷ್ಟೇ ಅದರ ಸಂಪತ್ತು. ಈ ಪರಂಪರೆಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಚೌಡಿಕೆಯ ಹೆಸರು ದೂರದವರ ಕಿವಿಗೂ ಬಿತ್ತು. ಆದರೆ ಹಾಡುಗಳ ಸಂಗತಿ ಬೇರೆ. ಎಷ್ಟೋ ಪದಗಳು ಬರಹಕ್ಕೆ ಇಳಿದಿಲ್ಲ. ಕಲಿತವರ ಬಾಯಲ್ಲಿ ಇರುವಷ್ಟು ದಿನ ಮಾತ್ರ ಇರುತ್ತವೆ.

ಹೀಗಾಗಿ ಮನೆಯಲ್ಲೇ ಕೂರಿಸಿ ಹಾಡಿಸಿ, ಧ್ವನಿ ಹಿಡಿದಿಡುವ ಆಸೆ ಅನೇಕರಿಗೆ ಇದೆ. ಮೊಬೈಲ್ ಇಲ್ಲದ ಮನೆ ಈಗ ಅಪರೂಪ, ಸಾಧಾರಣ ಬೆಲೆಯ ಮೈಕೂ ಸಿಗುತ್ತದೆ. ಆದರೆ ತಿಂಗಳ ಮೇಲೆ ಕೂತು ಕೇಳಿದರೆ ತಂತಿಯ ಅಬ್ಬರವೇ ಕೇಳುತ್ತದೆ, ಮಾತು ಕೇಳುವುದಿಲ್ಲ. ಜನ ಮೈಕನ್ನು ಬೈಯುತ್ತಾರೆ, ಇನ್ನೂ ದುಬಾರಿಯದು ತರುತ್ತಾರೆ. ತಪ್ಪು ಹೆಚ್ಚಾಗಿ ಇರುವುದು ಮೈಕಿನಲ್ಲಲ್ಲ, ಅದು ನಿಂತ ಜಾಗದಲ್ಲಿ. ಮೈಕಿಗೆ ಸುರಿಯುವ ದುಡ್ಡಿನಲ್ಲಿ ಕೊಂಚ ಉಳಿಸಿ ಅದರ ಸ್ಟ್ಯಾಂಡಿಗೆ ಹಾಕುವುದು ಜಾಣತನ.

ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಅವರಿಗೆ ಬೇರೆ ದಾರಿಯೇ ಇರಲಿಲ್ಲ. 1902ರಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡಾಗ ವಿದ್ಯುತ್ ಮೈಕಿನ ಬಳಕೆ ಇರಲಿಲ್ಲ. ಒಂದು ದೊಡ್ಡ ಕಹಳೆ, ಅದರ ಕೊನೆಗೆ ಮೇಣದ ತಟ್ಟೆಯ ಮೇಲೆ ಗೀರುವ ಸೂಜಿ. ಹಾಡುವವರು ಕಹಳೆಯೊಳಗೆ ಮುಖವಿಟ್ಟು ಗಂಟಲೆತ್ತಿ ಹಾಡಬೇಕು. ಯಾವುದು ದೊಡ್ಡದಾಗಿ ಕೇಳಬೇಕೋ ಅದು ಕಹಳೆಗೆ ಹತ್ತಿರ, ಉಳಿದದ್ದು ದೂರ. 1925ರಿಂದಾಚೆ ವಿದ್ಯುತ್ ಧ್ವನಿಮುದ್ರಣ ಹಬ್ಬಿತು, ಆಮೇಲೆ ಹಲವು ಮೈಕುಗಳ ಧ್ವನಿಯನ್ನು ಬೇಕಾದ ಪ್ರಮಾಣದಲ್ಲಿ ಬೆರೆಸುವುದೂ ಸಾಧ್ಯವಾಯಿತು. ಒಂದೇ ಮೈಕು ಇಟ್ಟುಕೊಂಡು ಮನೆಯಲ್ಲಿ ಕೂತವರು ಮಾತ್ರ ಇಂದಿಗೂ ಕಹಳೆಯ ಕಾಲದಲ್ಲೇ ಇದ್ದಾರೆ. ಒಮ್ಮೆ ಬೆರೆತ ಕಂಠವನ್ನೂ ತಂತಿಯನ್ನೂ ಆಮೇಲೆ ಚೊಕ್ಕಟವಾಗಿ ಬಿಡಿಸುವುದು ಕಷ್ಟ.

ದೂರದ ಲೆಕ್ಕ ಸರಳ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿಯ ಒತ್ತಡ ಅರ್ಧಕ್ಕಿಳಿಯುತ್ತದೆ, ಡೆಸಿಬೆಲ್ ಲೆಕ್ಕದಲ್ಲಿ 6 ಕಡಿಮೆ. ಕೋಣೆಯೊಳಗೂ ಹತ್ತಿರದ ಮೈಕಿಗೆ ಇದು ಹೆಚ್ಚುಕಡಿಮೆ ಅನ್ವಯಿಸುತ್ತದೆ. ಮೈಕು ಬಾಯಿಗೆ ಅರ್ಧ ಅಡಿಯಲ್ಲಿದ್ದು ಚೌಡಿಕೆ ಒಂದೂವರೆ ಅಡಿ ಆಚೆಗಿದ್ದರೆ ವಾದ್ಯ ಬಡವಾಗುತ್ತದೆ. ಮೈಕನ್ನು ಸೊಂಟದ ಮಟ್ಟದಲ್ಲಿ ಇಟ್ಟರೆ ಹಾಡು ಬಡವಾಗುತ್ತದೆ. ಹಾಡುವವರ ಎದುರು, ಒಂದೂವರೆ ಅಡಿ ದೂರದಲ್ಲಿ, ಎದೆಯ ಮಟ್ಟಕ್ಕೆ ಮೈಕು ನಿಲ್ಲಿಸಿ, ಅದರ ಮುಖ ತುಸು ಮೇಲಕ್ಕಿರಲಿ. ಆಗ ಎರಡಕ್ಕೂ ದೂರ ಹೆಚ್ಚುಕಡಿಮೆ ಒಂದೇ. ಒಂದು ನಿಮಿಷ ಮುದ್ರಿಸಿ ಕೇಳಿ. ಮಾತು ಸಾಲದು ಅನಿಸಿದರೆ ನಾಲ್ಕು ಬೆರಳು ಮೇಲಕ್ಕೆ, ತಂತಿ ಸಾಲದು ಅನಿಸಿದರೆ ನಾಲ್ಕು ಬೆರಳು ಕೆಳಕ್ಕೆ. ಯಂತ್ರದ ಗುಂಡಿ ತಿರುಗಿಸಿ ಆಗದ ಕೆಲಸ ಇದು. ಕೈಯಲ್ಲಿ ಹಿಡಿದ ಮೈಕಿನಿಂದಲೂ ಆಗದು, ಏಕೆಂದರೆ ಕೈ ಸೋಲುತ್ತದೆ, ಅಲುಗುತ್ತದೆ, ಬೆರಳು ಉಜ್ಜಿದ ಸದ್ದೂ ಹಾಡಿನೊಳಗೆ ಸೇರುತ್ತದೆ.

ಇನ್ನು ಸ್ಟ್ಯಾಂಡಿನ ಆಯ್ಕೆ. ಇಲ್ಲಿ ನಮ್ಮವರಿಗೆ ಒಂದು ವಿಶೇಷ ತೊಡಕಿದೆ. ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡುಗಳು ಬಹುತೇಕ ನಿಂತು ಹಾಡುವವರಿಗೋ ಕುರ್ಚಿಯಲ್ಲಿ ಕೂತವರಿಗೋ ಮಾಡಿದವು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಬಾಯಿ ನೆಲದಿಂದ ಎರಡೂವರೆ ಅಡಿಯ ಆಸುಪಾಸಿನಲ್ಲಿರುತ್ತದೆ, ಚೌಡಿಕೆ ಇನ್ನೂ ಕೆಳಗೆ. ಪೂರ್ತಿ ತಗ್ಗಿಸಿದ ನೇರ ಸ್ಟ್ಯಾಂಡು ಅದಕ್ಕಿಂತ ಎತ್ತರವೇ ಉಳಿಯುವುದುಂಟು. ಆದ್ದರಿಂದ ದುಂಡನೆಯ ತಳದ ನೇರ ಸ್ಟ್ಯಾಂಡಿಗಿಂತ, ಮೂರು ಕಾಲಿನ ಮೇಲೆ ಅಡ್ಡತೋಳು ಇರುವ ಬೂಮ್ ಸ್ಟ್ಯಾಂಡು ಮೇಲು. ತೋಳನ್ನು ಕೆಳಕ್ಕೆ ಬಾಗಿಸಬಹುದು, ಕಾಲುಗಳು ಹಾಡುವವರ ಮೊಣಕಾಲಿಗೆ ತಾಗದಂತೆ ದೂರ ಇಡಬಹುದು. ಮೇಜಿನ ಪುಟ್ಟ ಸ್ಟ್ಯಾಂಡನ್ನು ಮಣೆಯ ಮೇಲಿಟ್ಟೂ ಕೆಲಸ ಸಾಗಿಸಬಹುದು. ಮೊಬೈಲಿಗಾದರೆ ಸ್ಟ್ಯಾಂಡಿನ ತುದಿಗೆ ಸಿಕ್ಕಿಸುವ ಹಿಡಿಕೆ ಸಿಗುತ್ತದೆ.

ಕೊಳ್ಳುವಾಗ ತೋಳು ಚಾಚಿ, ತಿರುಪು ಬಿಗಿದು, ತುದಿಗೆ ಮೈಕು ಸಿಕ್ಕಿಸಿ ಹತ್ತು ನಿಮಿಷ ಬಿಟ್ಟು ನೋಡಬೇಕು. ಮೆಲ್ಲಗೆ ಜಗ್ಗುವ ತೋಳು ಹಾಡಿನ ನಡುವೆ ಜಗ್ಗದೆ ಇರುವುದಿಲ್ಲ. ಸ್ಟ್ಯಾಂಡಿನ ತುದಿಯ ತಿರುಪಿನಲ್ಲಿ ಎರಡು ಅಳತೆ ಚಾಲ್ತಿಯಲ್ಲಿವೆ, 3/8 ಇಂಚು ಮತ್ತು 5/8 ಇಂಚು. ಮೈಕಿನ ಹಿಡಿಕೆ ಒಂದು, ಸ್ಟ್ಯಾಂಡು ಇನ್ನೊಂದು ಆದರೆ ನಡುವೆ ಹಾಕಲು ಹಿತ್ತಾಳೆಯದೋ ಉಕ್ಕಿನದೋ ಸಣ್ಣ ಜೋಡಣೆ ಬೇಕು. ಇದನ್ನು ಮರೆತು ಮನೆಗೆ ಬಂದು ದಾರ ಸುತ್ತುವವರೇ ಹೆಚ್ಚು!

ನಿಲ್ಲಿಸುವಾಗ ಮೂರು ಕಾಲಿನಲ್ಲಿ ಒಂದು ಕಾಲು ಅಡ್ಡತೋಳಿನ ನೇರ ಕೆಳಗೆ ಬರಲಿ. ಮೈಕಿನ ಭಾರ ಆ ಕಾಲಿನ ಮೇಲೆ ಬಿದ್ದರೆ ಸ್ಟ್ಯಾಂಡು ಮುಗ್ಗರಿಸುವುದಿಲ್ಲ. ಹಿಂದಿನ ಕಾಲುಗಳ ಮೇಲೆ ಮರಳಿನ ಪುಟ್ಟ ಚೀಲ ಹೇರಿದರೆ ಇನ್ನೂ ಭದ್ರ. ಮೈಕಿನ ವೈರು ಬಿಗಿಯಾಗಿ ಎಳೆದಂತಿರದೆ ಸಡಿಲವಾಗಿ ಇಳಿದಿರಬೇಕು. ಕಾಲಿನಿಂದ ತಾಳ ಕುಟ್ಟುವವರಿದ್ದರೆ ಆ ಪೆಟ್ಟು ನೆಲದ ಮೂಲಕ ಕೊಳವೆ ಹತ್ತಿ ಮೈಕಿಗೆ ಗುದ್ದಿನಂತೆ ಕೇಳುತ್ತದೆ. ಹಳೆಯ ರೇಡಿಯೋ ಮೈಕುಗಳನ್ನು ಬಳೆಯಂಥ ಚೌಕಟ್ಟಿನೊಳಗೆ ಸ್ಪ್ರಿಂಗುಗಳಿಂದ ತೂಗುಹಾಕುತ್ತಿದ್ದುದು ಇದೇ ಕಾರಣಕ್ಕೆ. ಮನೆಯಲ್ಲಿ ಕಾಲುಗಳ ಕೆಳಗೆ ಮಡಿಸಿದ ಕಂಬಳಿ ಹಾಕಿದರೆ ಸಾಕು.

ಕೋಣೆಯನ್ನೂ ನೋಡಬೇಕು. ಬರಿಯ ಕಲ್ಲುಹಾಸು, ಕಾಂಕ್ರೀಟ್ ಗೋಡೆ ಇದ್ದಲ್ಲಿ ಚಪ್ಪಾಳೆ ತಟ್ಟಿದರೆ ಗುಂಯ್ ಎನ್ನುತ್ತದೆ. ಮನೆಯ ಕೌದಿ ಇಲ್ಲಿ ಉಪಕಾರಕ್ಕೆ ಬರುತ್ತದೆ. ಮುಂದಿನ ಧ್ವನಿಯನ್ನೇ ಹೆಚ್ಚಾಗಿ ಹಿಡಿಯುವ ಮೈಕಿಗೆ ಹಾಡುವವರ ಬೆನ್ನಿನ ಗೋಡೆಯೂ ಮುಂದೆಯೇ ಇರುವುದರಿಂದ, ಕೌದಿಯನ್ನು ಆ ಗೋಡೆಗೆ ಇಳಿಬಿಡಬೇಕು. ಫ್ಯಾನು ಬೇಡ. ಕೊಪ್ಪಳದ ಬೇಸಿಗೆಯಲ್ಲಿ ಇದು ಶಿಕ್ಷೆಯೇ, ಹಾಗಾಗಿ ನಸುಕಿನ ಹೊತ್ತು ಒಳ್ಳೆಯದು. ಮುನಿರಾಬಾದಿನಲ್ಲಾದರೆ ರೈಲಿನ ವೇಳೆಯನ್ನೂ ತಿಳಿದುಕೊಂಡಿರಬೇಕು.

ಎಲ್ಲ ಕಲೆಗೂ ಈ ಲೆಕ್ಕ ಹೊಂದುವುದಿಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದ ತೊಗಲುಗೊಂಬೆಯಾಟವನ್ನೇ ನೋಡಿ. ಗೊಂಬೆ ಆಡಿಸುವವರ ಕೈ, ತಲೆ, ಮೈ ಒಂದೆಡೆ ನಿಲ್ಲುವುದಿಲ್ಲ. ಅಲ್ಲಿ ಬಾಯಿಗೆ ಹತ್ತಿರದ ಮೈಕು ಸೋಲುತ್ತದೆ. ತೋಳನ್ನು ಮೇಲಕ್ಕೆತ್ತಿ, ಮೂರು ನಾಲ್ಕು ಅಡಿ ದೂರದಿಂದ ಇಡೀ ಮೇಳವನ್ನು ಹಿಡಿಯುವುದೇ ಲೇಸು. ಕೋಣೆಯ ಸದ್ದು ಸ್ವಲ್ಪ ಸೇರಿದರೂ ಮಾತು ಬಂದುಹೋಗಿ ಆಗುವುದಿಲ್ಲ.

ಹಾಡಿಗೆ ಮೊದಲು ಅರ್ಧ ನಿಮಿಷ ಸುಮ್ಮನೆ ಕೋಣೆಯ ಮೌನವನ್ನು ಮುದ್ರಿಸಿಕೊಳ್ಳಬೇಕು, ಆಮೇಲೆ ಗದ್ದಲ ತೆಗೆಯುವಾಗ ಅದು ಬೇಕಾಗುತ್ತದೆ. ಕೊನೆಗೆ ಹಾಡಿದವರ ಹೆಸರು, ಊರು, ತಾರೀಖು, ಪದ ಕಲಿಸಿದವರು ಯಾರು ಎಂಬುದನ್ನು ಅವರ ಬಾಯಲ್ಲೇ ಹೇಳಿಸಬೇಕು. ಗೌಹರ್ ಜಾನ್ ತಮ್ಮ ತಟ್ಟೆಗಳ ಕೊನೆಗೆ ಹೆಸರು ಹೇಳುತ್ತಿದ್ದರು, ಜರ್ಮನಿಯ ಹ್ಯಾನೊವರ್ ಕಾರ್ಖಾನೆಯಲ್ಲಿ ಚೀಟಿ ಅಂಟಿಸುವವರಿಗೆ ಯಾರ ಹಾಡೆಂದು ತಿಳಿಯಲಿ ಎಂದು. ಅವರು 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಆ ತಟ್ಟೆಗಳ ಕೊನೆಯಲ್ಲಿ ಹೆಸರು ಈಗಲೂ ಕೇಳುತ್ತದೆ.